ಪರದೇಶಿ ನೆರವಿನ ಮಹಾಸಮರ

ಕೇಳಿರಿ, ಕಿವಿಯುಳ್ಳ ಸಜ್ಜನರೇ! ಯೋಜನೆಗಳು ಅಣಬೆಗಳಂತೆ ಮೊಳೆತು ವರದಿಗಳು ಹಿಮವತ್ಪರ್ವತದಂತೆ ಬೆಳೆದ ಕಾಲದಲ್ಲಿ, ಕಡಲಾಚೆಯ ದಯಾವಂತ ದೇಶವೊಂದರ ನೆರವೆಂಬ ಆಕಾಶಗಂಗೆಯು ಧಾರವಾಡದ ಅಧಿಕಾರಿಗಳ ತರಬೇತಿ ಕೇಂದ್ರದ ಹೆಂಚಿನ ಮಾಡಿನ ಮೇಲೆ ಧುಮುಕುತ್ತಿದ್ದ ಆ ಪುಣ್ಯಯುಗದಲ್ಲಿ, ಭಿನ್ನರಾಶಿಭಂಜನರೂ ದಶಮಾಂಶದುರ್ಗಪಾಲಕರೂ ಮಿತವ್ಯಯಮಾರ್ತಾಂಡರೂ ಆದ ಗಣಿತಾಚಾರ್ಯ ತಿರುಮಲರಾಯ ಕಟಗೇರಿಯವರು ವಿರಾಜಿಸುತ್ತಿದ್ದರು. ಸೀಮೆಸುಣ್ಣವು ಬೆರಳಿಗೆ ಸಿಗದಷ್ಟು ಸವೆದ ಮೇಲೆಯೇ ಹೊಸದನ್ನು ಮುಟ್ಟುತ್ತಿದ್ದ ಮಹಾನುಭಾವರು!

ಅಭಿವೃದ್ಧಿನೀತಿಯ ಸಂಶೋಧನೆಗೆ ಹೊಸ ಪೀಠವೊಂದು ಬರುವುದಿತ್ತು. ಪರಿಶೀಲನೆಗೆ ಬರುವ ಆ ದೇಶದ ನಿಯೋಗ ಮೆಚ್ಚಿದರೆ ರಾಯರು ಅದರ ಮುಖ್ಯಸ್ಥರು. ಮುನಿದರೆ ಪಿಂಚಣಿ, ಮನೆಯ ಕಟ್ಟೆ, ಸಂಜೆಯ ಹರಟೆ. ಆದಕಾರಣ ಸ್ವಾಗತಫಲಕದ ಒಕ್ಕಣೆಯನ್ನು ಅವರು ಪರರ ಕೈಗೆ ಬಿಡಲಿಲ್ಲ: ‘ಪರದೇಶಿ ನೆರವಿನ ತರಬೇತಿ ಕೇಂದ್ರ’.

ಕನ್ನಡ ಕಲಿಸುವ ಶಕುಂತಲಾ ಹಂಪಣ್ಣವರ ಅವರು ಆ ಒಕ್ಕಣೆ ಕಂಡು ಬೆಚ್ಚಿದರು. “ರಾಯರ, ‘ವಿದೇಶಿ’ ಅಂತ ಬರಸ್ರಿ. ಪರದೇಶಿ ಅಂದ್ರ ದಿಕ್ಕಿಲ್ಲದಾಂವ ಅಂತ ಅರ್ಥ ರೀ!”

ರಾಯರು ಅಳತೆಪಟ್ಟಿಯನ್ನು ಗದೆಯಂತೆ ಎತ್ತಿ ಗರ್ಜಿಸಿದರು: “ಸ್ವದೇಶಕ್ಕೆ ಸ್ವದೇಶಿ ಎಂದಾದರೆ ಪರದೇಶಕ್ಕೆ ಏನು? ಇದು ತ್ರೈರಾಶಿ, ಬಾಯಾರ, ತ್ರೈರಾಶಿ! ಸಹ್ಯಾದ್ರಿ ನಡೆದೀತು, ಶಾಲ್ಮಲೆ ಹಿಮ್ಮುಖ ಹರಿದೀತು, ತ್ರೈರಾಶಿ ತಪ್ಪಲಾರದು!”

“ಲೆಕ್ಕ ಖರೆ ಅದ ರೀ. ಆದ್ರ ಭಾಷಾ ಲೆಕ್ಕದ ಮಾತು ಕೇಳೂದಿಲ್ಲ,” ಎಂದು ಬಾಯಾರು ರಣರಂಗದಿಂದ ಸರಿದರು. ವಿಜಯಲಕ್ಷ್ಮಿ ರಾಯರನ್ನು ವರಿಸಿದಳು, ಫಲಕ ಹೆಬ್ಬಾಗಿಲೇರಿತು.

ನಿಯೋಗ ಬಂದಿತು. ಅದರ ನಾಯಕಿ ಧಾರವಾಡದಲ್ಲೇ ಮನೆ ಹಿಡಿದು ಕನ್ನಡ ಕಲಿತವರೆಂಬುದನ್ನು ಯಾವ ಗ್ರಹವೂ ರಾಯರಿಗೆ ಸೂಚಿಸಿರಲಿಲ್ಲ. ಆಕೆ ಫಲಕವನ್ನು ನಿಧಾನವಾಗಿ ಓದಿ ಕೇಳಿದರು: “ಇದರಾಗ ಪರದೇಶಿ ಯಾರ್ರೀ? ಕೊಟ್ಟ ನಾವೋ, ಇಸಗೊಂಡ ನೀವೋ?”

ತರಬೇತಿಗೆ ಬಂದಿದ್ದ ತಹಶೀಲ್ದಾರರ ಚತುರಂಗಸೇನೆ ಕರವಸ್ತ್ರಗಳ ಮರೆಹೊಕ್ಕಿತು. ರಾಯರ ಕಿವಿ ಕೆಂಪಾಯಿತು. ಪೀಠ ಕಣ್ಣೆದುರೇ ಕೈಜಾರುತ್ತಿತ್ತು. ಆದರೂ ವೀರರು ಬೆನ್ನು ತೋರುವರೇ? ಏಣಿಯೇರಿದರು. ಹೊಸ ಫಲಕ ಬರೆಸುವುದು ದುಂದು. ಆದ್ದರಿಂದ ಕಾಗದದ ಚೂರಿಗೆ ಅಂಟು ಬಳಿದು ‘ಪರ’ದ ಮೇಲೆ ಮೆತ್ತಿ, ವಿಜಯಿಯಂತೆ ಇಳಿದರು. ಮೇಲೆ ‘ದೇಶಿ ನೆರವಿನ ತರಬೇತಿ ಕೇಂದ್ರ’ ಥಳಥಳಿಸುತ್ತಿತ್ತು.

“ಅಂದ್ರ ನಾವು ಕೊಟ್ಟೇ ಇಲ್ಲೇನ್ರೀ?” ಎಂದರು ನಾಯಕಿ.

“ದೇಶಿ ಅಂದ್ರ ದಾರೂ ಬಾಟ್ಲಿ ನೆರವು ಇರಬೇಕ್ರೀ!” ಎಂದಿತು ಸೇನೆಯ ಹಿಂಬದಿಯಿಂದೊಂದು ದನಿ. ಕರವಸ್ತ್ರಗಳು ಸೋತವು, ನಾಯಕಿಯೂ ಹೊಟ್ಟೆ ಹಿಡಿದು ನಕ್ಕರು.

ನೆರವು ಉಳಿಯಿತು, ಪೀಠವೂ ಬಂದಿತು. ಆದರೆ ಅದನ್ನೇರಿದವರು ಶಕುಂತಲಾ ಬಾಯಾರು. ಜನರ ನೀತಿ ಬರೆಯುವ ಮುನ್ನ ಕೇಂದ್ರದವರು ಜನರ ಮಾತು ಕಲಿಯತಕ್ಕದ್ದೆಂದು ನಿಯೋಗ ಷರತ್ತು ವಿಧಿಸಿತು. ಹೀಗೆ, ಹೊರದೇಶದ ಹಣದಿಂದ ಕನ್ನಡ ಕಲಿತ ಮೊದಲ ಕನ್ನಡಿಗನೆಂಬ ಕೀರ್ತಿಗೆ ಪಾತ್ರರಾದ ಆ ದಶಮಾಂಶದುರ್ಗಪಾಲಕರು, ಮರುವಾರ ಮೊಣಕಾಲು ಮಡಚಿ ಹಿಂದಿನ ಬೆಂಚಿನಲ್ಲಿ ಕುಳಿತರು.

ಬಾಯಾರು ಹಾಜರಿ ಕರೆದರು: “ಕಟಗೇರಿ ತಿರುಮಲರಾಯರು?”

“ಅದೀನ್ರೀ, ಬಾಯಾರ.”