ಫ್ರಿಜ್ಜಿನಿಂದ ಎದ್ದು ಬಂದ ನೀಲಿ ಪತಂಗ

"ಈ ಸಲ ನೀಲಿ ಪಟ್ಟಿಯ ಪತಂಗದ ಫೋಟೋ ತೆಗೆಯದಿದ್ರೆ ನನ್ನ ಹೆಸರು ಬರ್ನಾರ್ಡ್ ಪಿಂಚ್‌ಬೆಕ್ ಅಲ್ಲ!"

ಅವನು ಹೀಗೆ ಘೋಷಿಸಿದಾಗ ಹೆಂಡತಿ ಹಿಲ್ಡಾ ಕ್ರಿಸ್‌ಮಸ್ ಕೇಕಿಗೆಂದು ಎತ್ತಿಟ್ಟ ರಮ್ಮನ್ನು ಹುಡುಕುತ್ತಿದ್ದಳು. ಅದು ಆಗಲೇ ಕಾಕಂಬಿ, ಬಿಯರಿನ ಜೊತೆ ಕುದಿದು ಹಿತ್ತಿಲ ಸೇಬಿನ ಮರಗಳ ಬೊಡ್ಡೆಗೆಲ್ಲ ಲೇಪನವಾಗಿತ್ತು. ಇಂಗ್ಲೆಂಡಿನ ಡೋರ್ಸೆಟ್ ಜಿಲ್ಲೆಯ ಪತಂಗಗಳಿಗೆ ಅದೇ ಮೃಷ್ಟಾನ್ನ.

"ಹುಳಕ್ಕೆ ರಮ್ಮು, ನಂಟರಿಗೆ ಒಣ ಕೇಕು! ಬಹಳ ಚೆನ್ನಾಗಿದೆ!"

"ಹುಳ ಅನ್ಬೇಡ. ಇದು ವಿಜ್ಞಾನ ಕಣೇ!"

ಎಲ್ಲಿಯ ವಿಜ್ಞಾನ, ಬರೀ ಹೊಟ್ಟೆಕಿಚ್ಚು! ಜಿಲ್ಲೆಯಲ್ಲಿ ಯಾರಿಗೆ ಯಾವ ಪತಂಗ ಕಂಡರೂ, ಪತಂಗಗಳ ಲೆಕ್ಕ ಇಡುವ ಮಿಸ್ ಟ್ಯಾರಂಟ್ ಫೋಟೋ ನೋಡಿ ಒಪ್ಪಿದರಷ್ಟೇ ಅದು ದಾಖಲೆ. ಊರಿನ ಅಂಚೆಯವನ ಹೆಸರೂ ದಾಖಲೆಯಲ್ಲಿತ್ತು. ಫಿರಂಗಿಯಂಥ ಕ್ಯಾಮೆರಾ ಹೊತ್ತು ತಿರುಗುವ ಬರ್ನಾರ್ಡನದು ಮಾತ್ರ ಇರಲಿಲ್ಲ. ಅವನು ಕಳಿಸಿದ ಕೊನೆಯ ಫೋಟೋ ನೋಡಿ ಆಕೆ, "ಇದು ಪತಂಗವೋ, ಸೀದ ಬ್ರೆಡ್ಡೋ?" ಎಂದು ಕೇಳಿದ್ದರು. ಆ ಅವಮಾನ ಅವನಿಗೆ ಇನ್ನೂ ಉರಿಯುತ್ತಿತ್ತು. ಒಂದೇ ಒಂದು ಸಲ ತನ್ನ ಹೆಸರು ಅಲ್ಲಿ ಸೇರಿಬಿಡಬೇಕು!

ಬೆಳಗ್ಗೆ ನೋಡಿದರೆ ಸೇಬಿನ ಬೊಡ್ಡೆಯ ಮೇಲೆ ಅಂಗೈಯಗಲದ ನೀಲಿ ಪಟ್ಟಿಯ ಪತಂಗ, ಕುಡಿದು ಟೈಟಾಗಿ ಕೂತಿತ್ತು! ಬರ್ನಾರ್ಡ್ ಅದನ್ನು ಡಬ್ಬಿಯಲ್ಲಿ ಹಿಡಿದು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಮಲಗಿಸಿದ. ಚಳಿಗೆ ಪತಂಗ ಅಲ್ಲಾಡದೆ ಕೂರುತ್ತದೆ, ಫೋಟೋ ತೆಗೆಯುವವರೆಲ್ಲ ಮಾಡುವುದೇ ಹೀಗೆ. ಆಮೇಲೆ ಮಿಸ್ ಟ್ಯಾರಂಟರಿಗೆ ಫೋನು ಮಾಡಿ, ಕಣ್ಣಾರೆ ನೋಡಲೆಂದು ಸಂಜೆಯ ಟೀಗೆ ಕರೆದ.

"ಡಬ್ಬೀಲಿರುವಾಗಲೇ ಮೊಬೈಲಲ್ಲಿ ಒಂದು ಹೊಡ್ಕೊಂಡುಬಿಡು ಮಹಾರಾಯ," ಎಂದಳು ಹಿಲ್ಡಾ.

"ಮೊಬೈಲಾ! ಅದು ತಿಂಡಿ ತಟ್ಟೆ ಫೋಟೋ ಹೊಡೆಯೋರಿಗೆ. ನಾನು ಕಲಾವಿದ!"

ಸಂಜೆ ಹಿತ್ತಿಲ ಮೇಜಿನ ಮೇಲೆ ಮರದ ತೊಗಟೆಯ ಸಿಂಹಾಸನ ಸಿದ್ಧವಾಯಿತು. ಮೇಲೆ ಮರಗಟ್ಟಿದ ಪತಂಗ ರೆಕ್ಕೆ ಮುಚ್ಚಿ ಕೂತಿತ್ತು. ನೀಲಿ ಪಟ್ಟಿ ಒಳಗೇ ಅಡಗಿತ್ತು.

"ಹೀಗೇ ತೆಗೀರಿ, ಸಾಕು," ಎಂದರು ಮಿಸ್ ಟ್ಯಾರಂಟ್, ಟೀ ಕಪ್ಪು ಹಿಡಿದುಕೊಂಡು.

"ನೀಲಿ ಇಲ್ಲದ ಫೋಟೋ ಅಂಚೆಯವನಿಗಿರಲಿ ಮೇಡಂ!"

ಬರ್ನಾರ್ಡ್ ಕ್ಯಾಮೆರಾದ ಮುಕ್ಕಾಲಿಯನ್ನು ಅತ್ತ ಸರಿಸಿದ, ಇತ್ತ ಸರಿಸಿದ. ಮೋಡ ಬಂತು. ಬಿಸಿಲಿಗೆ ಕಾದ. ಬಿಸಿಲೂ ಬಂತು. ಆ ಬಿಸಿಲಿಗೆ ಪತಂಗದ ಚಳಿಯೂ ಬಿಟ್ಟೀತು ಎಂಬುದು ಮಾತ್ರ ಕಲಾವಿದನ ತಲೆಗೆ ಹೊಳೆಯಲಿಲ್ಲ! ಪತಂಗ ಗಡಗಡ ನಡುಗಿ, ರೆಕ್ಕೆ ಬಿಚ್ಚಿತು. ಆಹಾ, ನೀಲಿ!

"ಅಲ್ಲಾಡ್ಬೇಡಿ ಯಾರೂ!" ಎಂದು ಕೂಗಿ ಬರ್ನಾರ್ಡ್ ಕ್ಯಾಮೆರಾಕ್ಕೆ ಕಣ್ಣಿಟ್ಟ.

ಯಾರೂ ಅಲ್ಲಾಡಲಿಲ್ಲ, ಬೇಲಿಯ ಮೇಲಿದ್ದ ರಾಬಿನ್ ಹಕ್ಕಿಯೊಂದನ್ನು ಬಿಟ್ಟು. ಅದು ಭರ್ರನೆ ಬಂದು ಪತಂಗವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮತ್ತೆ ಬೇಲಿ ಸೇರಿತು. ಬರ್ನಾರ್ಡನ ಕ್ಯಾಮೆರಾದಲ್ಲಿ ಉಳಿದದ್ದು ತೊಗಟೆ!

ಹಿಲ್ಡಾಳ ಮೊಬೈಲು ಮಾತ್ರ ಬೇಲಿಯತ್ತ ತಿರುಗಿ ಚಕ್ಕನೆ ಕ್ಲಿಕ್ ಎಂದಿತ್ತು. ಮಿಸ್ ಟ್ಯಾರಂಟ್ ಕನ್ನಡಕ ಏರಿಸಿ ನೋಡಿದರು.

"ಕೊಕ್ಕಿನಲ್ಲಿ ನೀಲಿ ಪಟ್ಟಿ ಸ್ಪಷ್ಟವಾಗಿದೆ. ಒಪ್ಪಿದ್ದೇನೆ. ಫೋಟೋ ತೆಗೆದವರು, ಹಿಲ್ಡಾ ಪಿಂಚ್‌ಬೆಕ್."

"ಮೇಡಂ, ಹಿಡಿದವರ ಹೆಸರೂ ಬರೀಬೇಕಲ್ವಾ?" ಬರ್ನಾರ್ಡನ ದನಿ ಅಳುವಂತಿತ್ತು.

"ಬರೀಲೇಬೇಕು," ಎಂದು ಆಕೆ ಫೋಟೋವನ್ನು ಇನ್ನೊಮ್ಮೆ ನೋಡಿ ಬರೆದುಕೊಂಡರು. "ಹಿಡಿದವರು, ರಾಬಿನ್."