ಸರ್ಚ್ ಬಾಕ್ಸ್ ಅವರಿಗೆ ದಿವಂಗತ ಗೋದಾಬಾಯಿಯ ಬಿನ್ನಹ

ಮಾನ್ಯ ಸರ್ಚ್ ಬಾಕ್ಸ್ ಅವರೇ,

ಮಣಿಕೊಂಡದ ನಮ್ಮ ಕನ್ನಡ ಬಳಗದ ವೆಬ್‌ಸೈಟಿನ ಮೂಲೆಯಲ್ಲಿ ಭೂತಗನ್ನಡಿ ಹಿಡಿದು, ಊಟ ನಿದ್ದೆಗಳ ಹಂಗಿಲ್ಲದೆ ಸದಸ್ಯರ ಸೇವೆಗೆ ನಿಂತಿರುವ ತಮಗೆ ಈ ಗೃಹಿಣಿಯ ಅನಂತ ನಮಸ್ಕಾರಗಳು. ಸದಸ್ಯರು, ಸ್ಪರ್ಧೆಗಳು, ಶ್ರದ್ಧಾಂಜಲಿ ಎಂಬ ಮೂರು ಕೋಷ್ಟಕಗಳು ತಮ್ಮ ಹೊಟ್ಟೆಯಲ್ಲಿವೆಯೆಂದೂ, ಒಂದು ಹೆಸರು ಒತ್ತಿದರೆ ಮೂರನ್ನೂ ಒಟ್ಟಿಗೇ ಜಾಲಾಡಿ ಆ ವ್ಯಕ್ತಿಯ ಜಾತಕವನ್ನೇ ಮುಂದಿಡುತ್ತೀರೆಂದೂ ಕಾರ್ಯದರ್ಶಿ ಹೇಮಂತರಾಯರು ಸಾರಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.

ತಮಗಿನ್ನೂ ಮದುವೆಯಾದಂತಿಲ್ಲ, ಆದ್ದರಿಂದ ವಿವರಿಸುತ್ತೇನೆ. ನಮ್ಮ ಮನೆತನಗಳಲ್ಲಿ ಮದುವೆಯ ದಿನ ವರ ಮಹಾಶಯನು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ವಧುವಿನ ಹೊಸ ಹೆಸರು ಬರೆಯುತ್ತಾನೆ. ತವರಿನಲ್ಲಿ ನಾನು ಗೋದಾಬಾಯಿ. ಆ ಹೆಸರಿನಲ್ಲೇ ಬಳಗದ ಮೊಟ್ಟಮೊದಲ ಹೋಳಿಗೆ ಸ್ಪರ್ಧೆ ಗೆದ್ದೆ. ಆ ಹೋಳಿಗೆ ತಿಂದೇ ಶ್ರೀನಿವಾಸರಾಯರು ನನ್ನನ್ನು ಒಪ್ಪಿದರು, ಒಪ್ಪಿದ ಮೇಲೆ ಅಕ್ಕಿಯಲ್ಲಿ ಮೃಣಾಲಿನಿ ಎಂದು ಬರೆದರು. ಹೀಗಾಗಿ ತಮ್ಮ ಸ್ಪರ್ಧೆಗಳ ಕೋಷ್ಟಕದಲ್ಲಿ ನಾನು ಗೋದಾಬಾಯಿ, ಸದಸ್ಯರ ಕೋಷ್ಟಕದಲ್ಲಿ ಮೃಣಾಲಿನಿ.

ಈ ವರ್ಷ ಆ ಮೊದಲ ವಿಜೇತೆಗೆ ಸನ್ಮಾನ ಮಾಡಬೇಕೆಂದು ಸಮಿತಿಯವರು ತಮ್ಮಲ್ಲಿ ಗೋದಾಬಾಯಿ ಎಂದು ಒತ್ತಿದರಂತೆ. ತಾವು ಸದಸ್ಯರಲ್ಲಿ ಯಾರನ್ನೂ ಕಾಣದೆ, ಪಟಾನ್‌ಚೆರುವಿನಲ್ಲಿ ತುಂಬು ವಯಸ್ಸಿಗೆ ತೀರಿಕೊಂಡ ಇನ್ನೊಬ್ಬ ಗೋದಾಬಾಯಿಯವರನ್ನು ಶ್ರದ್ಧಾಂಜಲಿಯಿಂದ ಎತ್ತಿ ತಂದು ನನ್ನ ಹೋಳಿಗೆಗೆ ಜೋಡಿಸಿದಿರಿ. ಕೂಡಬೇಕಾದವರನ್ನು ಅಗಲಿಸಿ, ಸಂಬಂಧವೇ ಇಲ್ಲದವರನ್ನು ಕೂಡಿಸುವ ಈ ಚಾತುರ್ಯವನ್ನು ನಮ್ಮ ಸೋದರತ್ತೆಯಲ್ಲಿ ಬಿಟ್ಟರೆ ತಮ್ಮಲ್ಲೇ ಕಂಡೆ.

ಸಭೆಯಲ್ಲಿ ದಿವಂಗತ ಗೋದಾಬಾಯಿಗೆ ಮೌನಾಚರಣೆ ಘೋಷಿಸಿದಾಗ, ಮೌನದ ನಡುವೆ ಬಾಯಿ ತೆರೆಯುವುದು ಸಭ್ಯತೆಯಲ್ಲವೆಂದು ನಾನೂ ನನಗಾಗಿ ಎದ್ದು ನಿಂತೆ. ಪಕ್ಕದಲ್ಲಿ ಯಜಮಾನರು ತಲೆ ತಗ್ಗಿಸಿ, "ಪಾಪ, ಯಾರೋ ಏನೋ, ಹೋಳಿಗಿ ಭಾಳ ಛಲೋ ಮಾಡ್ತಿದ್ದಳಂತ" ಎಂದು ಪಿಸುಗುಟ್ಟಿದರು. ಆಮೇಲೆ ಹೇಮಂತರಾಯರ ಬಳಿ ಹೋಗಿ ನಾನು ಬದುಕಿರುವ ಸಂಗತಿಯನ್ನು ನಿವೇದಿಸಿಕೊಂಡರೆ, ಅವರು ಮತ್ತೊಮ್ಮೆ ತಮ್ಮನ್ನೇ ವಿಚಾರಿಸಿ, "ನೋಡ್ರಿ ವೈನಿ, ಸಿಸ್ಟಮ್‌ನ್ಯಾಗ ಹಂಗ ಅದ, ನಾವೇನು ಮಾಡೋಣ?" ಎಂದು ಕೈಮುಗಿದರು.

ಅಲ್ಲಿಗೆ ಮುಗಿಯಲಿಲ್ಲ. ಗೋದಾಬಾಯಿ ಸ್ಮಾರಕ ಹೋಳಿಗೆ ಸ್ಪರ್ಧೆ ಏರ್ಪಟ್ಟಿತು. ನಾನೂ ಹೂರಣ ರುಬ್ಬಿದೆ. ಅಮೀರ್‌ಪೇಟೆಯ ಅಂಗಡಿಯ ಬೊಬ್ಬಟ್ಟುಗಳನ್ನು ಮನೆಯ ಡಬ್ಬಿಗೆ ತುಂಬಿ ತಂದ ಶೈಲಶ್ರೀಗೆ ಮೊದಲ ಬಹುಮಾನ, ನನಗೆ ಎರಡನೆಯದು. ತೀರ್ಪುಗಾರರ ಷರಾ: "ಪ್ರಯತ್ನ ಮೆಚ್ಚತಕ್ಕದ್ದು, ಆದರೆ ಗೋದಾಬಾಯಿಯವರ ಕೈರುಚಿ ಬಂದಿಲ್ಲ."

ಮಾನ್ಯರೇ, ನನಗೆ ಶಾಲು ಬೇಕಿರಲಿಲ್ಲ. ಅಪ್ಪ ಅವ್ವ ಇಟ್ಟ ಹೆಸರನ್ನು ಮೈಕಿನಲ್ಲಿ ಒಂದು ಸಲ ಕರೆಯಲಿ, ನಾನು ಹೂಂ ಎಂದು ವೇದಿಕೆ ಹತ್ತಲಿ ಎಂಬ ಆಸೆಯಿತ್ತು. ಕರೆದರು, ಆದರೆ ಹೂಂ ಎನ್ನುವ ಹಾಗಿರಲಿಲ್ಲ. ಅದಕ್ಕೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ 'ಇನ್ನೂ ಬದುಕಿರುವವರು' ಎಂಬ ನಾಲ್ಕನೆಯ ಕೋಷ್ಟಕವನ್ನು ತೆರೆಯಬೇಕು. ಇನ್ನು ಮುಂದೆ ಮದುವೆಗಳಲ್ಲಿ ವರನ ಹೆಸರನ್ನೂ ಅಕ್ಕಿಯಲ್ಲಿ ಬದಲಿಸುವಂತೆ ಪುರೋಹಿತರಿಗೆ ಸುತ್ತೋಲೆ ಕಳಿಸಬೇಕು. ಮತ್ತು ನನ್ನ ಹೆಸರಿನಲ್ಲಿ ಆಚರಿಸಿದ ಆ ಒಂದು ನಿಮಿಷದ ಮೌನವನ್ನು ನನಗೆ ವಾಪಸು ಕೊಡಿಸಬೇಕು. ಅಷ್ಟು ಹೊತ್ತು ನಾನು ಮಾತಾಡುವುದಿದೆ.

ಸದ್ಯಕ್ಕೆ ಉಸಿರಾಡುತ್ತಿರುವ, ತಮ್ಮ ವಿಶ್ವಾಸಿ,
ಮೃಣಾಲಿನಿ ಉರುಫ್ ದಿವಂಗತ ಗೋದಾಬಾಯಿ

ತಾ.ಕ.: ತೀರಿಕೊಂಡವರು ಅಡುಗೆ ಮಾಡುವ ಪದ್ಧತಿ ನಮ್ಮಲ್ಲಿಲ್ಲವಾದ ಕಾರಣ, ಇಂದು ಬೆಳಗಿನಿಂದ ನಮ್ಮ ಒಲೆ ಹಚ್ಚಿಲ್ಲ. ಶ್ರೀನಿವಾಸರಾಯರು ಹಸಿದುಕೊಂಡು ತಮ್ಮ ಬಳಿಗೇ ಬರುತ್ತಿದ್ದಾರೆ. ದಯವಿಟ್ಟು ಮೂರೂ ಕೋಷ್ಟಕಗಳಲ್ಲಿ ಹುಡುಕಿ, ಅವರಿಗೊಂದು ಊಟ ಸಿಗುವಂತೆ ನೋಡಿಕೊಳ್ಳಿ.