ದಶಮಿಯ ಬದನೆಕಾಯಿ

ಸಿರುಗುಪ್ಪದ ಕಚೇರಿ ಗುಮಾಸ್ತೆ ಜಯತೀರ್ಥಾಚಾರ್ಯರ ಅಂದಿನ ಗೋಳಿಗೆಲ್ಲ ಕಾರಣ ಒಂದು ಹುಳ. ಅಂಗಡಿಯಿಂದ ತಂದ ಬದನೆಕಾಯಿಯನ್ನು ಹೆಂಡತಿ ಗಿರಿಜಾಬಾಯಿ ಹೆಚ್ಚಿದಾಗ, ಅದು ಮನೆ ಯಜಮಾನನಂತೆ ಒಳಗಿನಿಂದ ಇಣುಕಿತು.

ಬೇರೆ ದಿನವಾಗಿದ್ದರೆ ಆಚಾರ್ಯರು ಸಾರನ್ನ ಉಂಡು ಸುಮ್ಮನಾಗುತ್ತಿದ್ದರು. ಆದರೆ ಅಂದು ಆಷಾಢದ ದಶಮಿ. ಮರುದಿನ ಏಕಾದಶಿಯ ನಿಟ್ಟುಪವಾಸ. ಅಲ್ಲಿಂದ ಶಾಕವ್ರತ, ಒಂದು ತಿಂಗಳು ತರಕಾರಿ ಮುಟ್ಟುವಂತಿಲ್ಲ. ಎಣ್ಣೆಗಾಯಿ ಎಂದರೆ ಜೀವ ಬಿಡುವ ಮನುಷ್ಯನಿಗೆ ಉಳಿದದ್ದು ಆ ಮಧ್ಯಾಹ್ನದ ಒಂದೇ ಊಟ.

“ಸಂತಿಗೆ ಹೋಗ್ರಿ. ಬೆಳೆದವರ ಕೈಯಿಂದನ ತಂದ್ರ ಕಾಯಿ ತಾಜಾ ಇರ್ತಾವ, ಅಗ್ಗಾನೂ ಆಗ್ತದ,” ಎಂದಳು ಗಿರಿಜಾಬಾಯಿ.

ಪಕ್ಕದ ಮನೆಯಲ್ಲೇ ಇದ್ದ ಹೆಡ್ ಗುಮಾಸ್ತೆ ಹಾಲಸಿದ್ದಪ್ಪನವರಿಗೆ ‘ಹೊಟ್ಟೆನೋವು’ ಎಂದು ಹೇಳಿ ಕಳಿಸಿ, ಆಚಾರ್ಯರು ಹಿಂದಿನ ಓಣಿಯಿಂದ ಸಂತೆಗೆ ನುಸುಳಿದರು.

ರಾರಾವಿಯ ಸುಂಕಲಮ್ಮ ತನ್ನ ತೋಟದ ಬದನೆಕಾಯಿಗಳನ್ನು ರಾಶಿ ಹಾಕಿಕೊಂಡು ಕೂತಿದ್ದಳು. ಆಚಾರ್ಯರು ಒಂದೊಂದನ್ನೂ ಎತ್ತಿ, ಒತ್ತಿ, ಮೂಸಿ ನೋಡಿದರು. ತೊಟ್ಟಿನ ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂತು.

“ಸ್ವಾಮೇರ, ಬದ್ನಿಕಾಯಿ ಒಯ್ಯಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ? ಮುಂಜಾನಿ ನಾನ ಹರಕೊಂಡು ಬಂದೀನ್ರಿ!”

ಸುತ್ತಲಿದ್ದವರು ನಕ್ಕರು. ಅದರಲ್ಲೊಂದು ನಗು ತೀರಾ ಪರಿಚಯದ್ದು. ತಿರುಗಿ ನೋಡಿದರೆ ಕಚೇರಿಗೆ ಹೊರಟಿದ್ದ ಹಾಲಸಿದ್ದಪ್ಪ! ಆಚಾರ್ಯರು ಕೈಯಲ್ಲಿದ್ದ ಕಾಯಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

“ಏನ್ರೀ ಆಚಾರ್ರ, ಹೊಟ್ಟಿನೋವಿಗೆ ಬದ್ನಿಕಾಯಿ ಔಷಧ ಏನು?”

“ಅದು... ರೈತರ ಹತ್ರ ತಗೊಂಡ್ರ ಆರೋಗ್ಯಕ್ಕ ಒಳ್ಳೇದು ಅಂತಾರ್ರಿ.”

“ಹಂಗಾದ್ರ ನನಗೂ ಆರೋಗ್ಯ ಬೇಕಲ್ಲ!” ಎಂದು ಹಾಲಸಿದ್ದಪ್ಪ, ಆರಿಸಿಟ್ಟ ಕಾಯಿಗಳಲ್ಲಿ ಅರ್ಧವನ್ನು ತಮ್ಮ ಹೆಗಲ ಮೇಲಿನ ವಲ್ಲಿಗೆ ಸುರಿದುಕೊಂಡರು. “ಔಷಧ ಸಿಕ್ತಲ್ಲ, ಇನ್ನ ಕಚೇರಿಗೆ ನಡೀರಿ.”

ಆಚಾರ್ಯರು ಹಸಿದ ಹೊಟ್ಟೆಯಲ್ಲಿ, ಕಾಯಿಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕಚೇರಿಯ ಕಾಗದಪತ್ರ ಬರೆದರು. ಹೊತ್ತು ನೆತ್ತಿಗೇರಿದ ಮೇಲೆ ಬಿಡುಗಡೆ ಸಿಕ್ಕಿತು. ಏದುಸಿರು ಬಿಡುತ್ತ ಮನೆಗೆ ಓಡಿ ಬಂದರೆ ಒಲೆಯೇ ಹೊತ್ತಿರಲಿಲ್ಲ.

“ಮಠದಿಂದ ಹೇಳಿ ಕಳಿಸ್ಯಾರ್ರಿ,” ಎಂದಳು ಗಿರಿಜಾಬಾಯಿ. “ನಾವು ತಿಥಿ ತಪ್ಪು ಹಿಡಿದಿದ್ವಂತ. ಏಕಾದಶಿ ನಾಳೆ ಅಲ್ಲ, ಇವತ್ತ. ನೀರೂ ಕುಡಿಯೋ ಹಂಗಿಲ್ಲ.”

ಆಚಾರ್ಯರು ಕಂಬಕ್ಕೊರಗಿ ಕುಸಿದರು. “ಅಂದ್ರ ದಶಮಿ ನಿನ್ನೇನ ಆಗಿಹೋತೇನು? ನಿನ್ನೆ ಏನು ಉಂಡ್ವಿ?”

“ತಿಳಿಸಾರು.”

ಆಚಾರ್ಯರಿಗೆ ಅಳುವೇ ಬಂತು. ಇಟ್ಟರೆ ಕೊಳೆಯುವ ಕಾಯಿ ಯಾಕೆಂದು ಗಿರಿಜಾಬಾಯಿ ಉಳಿದವನ್ನೂ ಗೋಡೆಯಾಚೆ ಹಾಲಸಿದ್ದಪ್ಪನವರ ಮನೆಗೆ ಕೊಟ್ಟುಬಿಟ್ಟಳು. ಸ್ವಲ್ಪ ಹೊತ್ತಿಗೆ ಆಚೆಯಿಂದ ಎಳ್ಳು, ಶೇಂಗಾ, ಮಸಾಲೆ ತುಂಬಿದ ಎಣ್ಣೆಗಾಯಿಯ ಘಮ ಬಂತು. ಆಚಾರ್ಯರು ಬಾಗಿಲು ಹಾಕಿ ಜಪಕ್ಕೆ ಕೂತರು. ಘಮಕ್ಕೆ ಬಾಗಿಲಿನ ಹಂಗೆಲ್ಲಿ?

ಊಟ ಮುಗಿಸಿದ ಹಾಲಸಿದ್ದಪ್ಪ ಗೋಡೆಯ ಮೇಲಿಂದ ಕೂಗಿದರು: “ಆಚಾರ್ರ, ಏನು ರುಚಿ, ಏನು ರುಚಿ! ನಿಮ್ಮಂಗ ಆರಿಸೋರು ನಮ್ಮ ಕಚೇರ್ಯಾಗ ಇಲ್ರಿ. ಈ ತಿಂಗಳು ಪೂರ್ತಿ ಸಂತಿ ದಿನ ನಿಮಗ ರಜಾ ಕೊಟ್ಟೀನಿ. ನಮ್ಮೆಲ್ಲರ ಮನಿ ಕಾಯಿಪಲ್ಲೆ ನೀವ ತರಬೇಕ್ರಿ!”